ಇಬ್ಬರು ನಾಗವೇಣಿಯರು

ಪರಿಮಳಾ ಹೆಗಡೆ ಆ ಕೋಡ್ ಬರೆದದ್ದು ಎರಡು ಸಾವಿರದ ಎರಡನೆಯ ಇಸವಿಯ ಮಳೆಗಾಲದಲ್ಲಿ. ಆಗ ಅವಳಿಗೆ ಇಪ್ಪತ್ತೇಳು ವರ್ಷ. ಶಿರಸಿಯ ದೇವಿಕೆರೆಯ ಹತ್ತಿರ ಹೊಲಿಗೆ ಯಂತ್ರ ರಿಪೇರಿ ಮಾಡುವ ಒಂದು ಅಂಗಡಿ, ಅದರ ಮಹಡಿಯ ಮೇಲೆ ಎರಡು ಕೋಣೆ. ಅಲ್ಲಿ ಕಮಲಾಕರ ಭಟ್ಟರೂ ಅವಳೂ ಕೆಲಸ ಮಾಡುತ್ತಿದ್ದರು. ಕಮಲಾಕರ ಮೊದಲು ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುತ್ತಿದ್ದವರು. ಪರಿಮಳಾ ಅವರ ಕೈಯಲ್ಲೇ ಕಲಿತವಳು. ವಾನಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮನೆಗೆ ಹೋಗುತ್ತಿದ್ದಳು.

ಕಮಲಾಕರ ಆರು ವರ್ಷ ಕೂತು ಒಂದು ಭಾಷೆ ಕಟ್ಟಿದ್ದರು. ಅದಕ್ಕೆ ‘ಹಂಬು’ ಎಂದು ಹೆಸರಿಟ್ಟಿದ್ದರು. ಕಂಪ್ಯೂಟರು ಏನು ಮಾಡಬೇಕೆಂಬುದನ್ನು ಹಂಬಿನಲ್ಲಿ ಕನ್ನಡದ ಮಾತಿನಲ್ಲೇ ಬರೆಯಬಹುದಿತ್ತು. ಬರೆದದ್ದನ್ನು ಸಾಲು ಸಾಲಾಗಿ ಓದಿ ನಡೆಸಿಕೊಡುವ ಎಂಜಿನ್ನನ್ನು ಅವರು ಸಿ ಭಾಷೆಯಲ್ಲಿ ಬರೆದಿದ್ದರು. ಊರ ಕಡೆಯ ಜನ ತಮ್ಮ ಕೆಲಸದ ನಿಯಮವನ್ನು ತಾವೇ ಬರೆದು, ತಾವೇ ಓದಿ, ತಾವೇ ತಿದ್ದುವಂತಿರಬೇಕು ಎನ್ನುವುದು ಅವರ ಹಟ. ನೋಡಲು ಬಂದವರೆಲ್ಲ ಚೆನ್ನಾಗಿದೆ ಎಂದು ಹೇಳಿ ಹೋದರು. ನಿಜವಾಗಿ ಬಳಸಿದವರು ಸಿದ್ದಾಪುರದ ಕಾನಸೆರಗು ಆರೋಗ್ಯ ಟ್ರಸ್ಟಿನವರು ಮಾತ್ರ.

ಮಂಗನ ಕಾಯಿಲೆ ಆ ಭಾಗಕ್ಕೆ ಹೊಸದಲ್ಲ. ಚಳಿ ಮುಗಿಯುತ್ತ ಬಂದಂತೆ ಕಾಡಿನಲ್ಲಿ ಮಂಗಗಳು ಸಾಯುತ್ತವೆ. ದರಕು, ಅಂದರೆ ಒಣಗಿದ ಎಲೆ, ಗುಡಿಸುವುದಕ್ಕೋ ಕಟ್ಟಿಗೆಗೋ ಹೋದವರಿಗೆ ಉಣುಗು ಎಂಬ ಸಣ್ಣ ಹುಳ ಕಚ್ಚಿ ಜ್ವರ ಬರುತ್ತದೆ. ಅದಕ್ಕೆ ಲಸಿಕೆ ಇದೆ. ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಳ್ಳಬೇಕು. ಮೊದಲನೆಯದು ಕೈ ಬಾತುಕೊಳ್ಳುವಷ್ಟು ಉರಿಯುತ್ತದೆಂದು ಎಷ್ಟೋ ಜನ ಎರಡನೆಯದಕ್ಕೆ ಬರುವುದಿಲ್ಲ. ಹಾಗೆ ತಪ್ಪಿಸಿಕೊಂಡವರ ಪಟ್ಟಿ ತೆಗೆದು, ಅವರ ಮನೆಗೇ ಹೋಗಿ ಕರೆದು ತರುವುದು ಟ್ರಸ್ಟಿನ ಕೆಲಸ. ಊರೂರು ತಿರುಗುತ್ತಿದ್ದವಳು ಕೋಲಸಿರ್ಸಿಯ ಪ್ರತಿಭಾ ನಾಯ್ಕ. ಪಿಯುಸಿವರೆಗೆ ಓದಿದವಳು, ಪರಿಮಳೆಗಿಂತ ಎರಡು ವರ್ಷ ಚಿಕ್ಕವಳು.

ಪ್ರತಿಭಾ ಹಂಬನ್ನು ಹದಿನೈದು ದಿನದಲ್ಲಿ ಕಲಿತಿದ್ದಳು. ಪಟ್ಟಿಯ ನಿಯಮ ಬರೆದವಳು ಅವಳೇ. ‘ಪ್ರತಿ ವ್ಯಕ್ತಿಗೆ, ಒಂದನೇ ಸೂಜಿ ಆಗಿ ಎರಡನೇ ಸೂಜಿ ಆಗದೇ ಇದ್ದರೆ, ಪಟ್ಟಿಗೆ ಸೇರಿಸು.’ ಈ ‘ವ್ಯಕ್ತಿ’ ಎಂಬುದು ಹಂಬಿನಲ್ಲಿ ಒಂದು ವರ್ಗ. ಒಬ್ಬ ಮನುಷ್ಯನ ಹೆಸರು, ಊರು, ಸೂಜಿಯ ದಿನಾಂಕ ಅದರೊಳಗೆ ಇರುತ್ತವೆ. ಎರಡು ಕಡೆ ಬರೆದ ಹೆಸರು ಒಬ್ಬರದ್ದೇ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ನಿಯಮವೂ ಅಲ್ಲೇ ಇತ್ತು. ಆ ನಿಯಮವನ್ನು ಕಮಲಾಕರ ಮೊದಲು ಬರೆದಾಗ ಅದು ಹೆಸರಿನ ಜೊತೆ ವಯಸ್ಸನ್ನೂ ಹೋಲಿಸಿ ನೋಡುತ್ತಿತ್ತು. ಪ್ರತಿಭಾ ಅದನ್ನು ಓದಿ, “ಸರ್, ನಮ್ಮ ಊರಲ್ಲಿ ಸೆಪ್ಟೆಂಬರಲ್ಲಿ ನಲವತ್ತು ಅಂದವ್ರು ಅಕ್ಟೋಬರಲ್ಲಿ ನಲವತ್ತೈದು ಅಂತಾರೆ” ಎಂದು ಹೇಳಿ, ವಯಸ್ಸಿನ ಸಾಲನ್ನು ತಾನೇ ತೆಗೆದುಹಾಕಿದ್ದಳು. ಕಮಲಾಕರ ಇದನ್ನು ವರ್ಷಗಟ್ಟಲೆ ಎಲ್ಲರ ಮುಂದೆ ಹೇಳಿಕೊಂಡು ಸಂತೋಷಪಟ್ಟರು.

ತೊಂದರೆ ಇದ್ದದ್ದು ವೇಗದಲ್ಲಿ. ಪಟ್ಟಿಯಲ್ಲಿ ಹನ್ನೊಂದು ಸಾವಿರ ಜನ. ಟ್ರಸ್ಟಿನಲ್ಲಿದ್ದದ್ದು ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರು. ಒಮ್ಮೆ ಪಟ್ಟಿ ತೆಗೆಯಲು ಐವತ್ತೈದು ನಿಮಿಷ ಹಿಡಿಯುತ್ತಿತ್ತು, ಅಷ್ಟರೊಳಗೆ ಸಿದ್ದಾಪುರದಲ್ಲಿ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿಂದ ಶುರು. ಲಸಿಕೆಯ ಶಿಬಿರ ಹತ್ತಿರ ಬಂದಾಗ ಕಮಲಾಕರ ಹೇಳಿದರು:

“ವ್ಯಕ್ತಿ ವರ್ಗ ಒಂದನ್ನ ಒಳಗೆ ಇಳಿಸ್ಬುಡು. ಬೇರೆ ಎಂತದೂ ಮುಟ್ಟದು ಬೇಡ.”

ಒಳಗೆ ಇಳಿಸುವುದು ಎಂದರೆ, ಹಂಬಿನಲ್ಲಿ ಬರೆದಿದ್ದ ವರ್ಗವನ್ನು ತೆಗೆದು, ಅದೇ ಹೆಸರಿನ, ಅದೇ ಕೆಲಸದ ವರ್ಗವನ್ನು ಸಿ ಭಾಷೆಯಲ್ಲಿ ಬರೆದು ಎಂಜಿನ್ನಿನ ಒಡಲಿಗೇ ಸೇರಿಸುವುದು. ಹಂಬಿನ ಕಡೆಯಿಂದ ನೋಡಿದರೆ ಏನೂ ಬದಲಾಗುವುದಿಲ್ಲ. ಪ್ರತಿಭಾಳ ನಿಯಮ ‘ವ್ಯಕ್ತಿ’ ಎಂದು ಕರೆದರೆ ಮೊದಲಿನ ಹಾಗೇ ಓಗೊಡುತ್ತದೆ. ಆದರೆ ಓಗೊಡುವುದು ಈಗ ಯಂತ್ರದ ಭಾಷೆಗೆ ತಿರುಗಿದ ಕೋಡ್. ವೇಗ ನೂರು ಪಟ್ಟು. ತೆರೆದು ಓದಲು ಮಾತ್ರ ಬರುವುದಿಲ್ಲ.

ಪರಿಮಳಾ ಮೂರು ವಾರ ಆ ಕೆಲಸ ಮಾಡಿದಳು. ಅವಳಿಗಿದ್ದ ಹೆದರಿಕೆಯೆಲ್ಲ ಒಂದೇ ಕಡೆಗೆ. ಕಂಪ್ಯೂಟರಿನ ನೆನಪಿನಲ್ಲಿ ಬೇಡವಾದ ವಸ್ತುಗಳನ್ನು ಎಂಜಿನ್ನು ಆಗಾಗ ಗುಡಿಸಿ ತೆಗೆಯುತ್ತದೆ. ಸಿ ಕಡೆ ಹಿಡಿದುಕೊಂಡಿರುವ ವ್ಯಕ್ತಿಯೊಬ್ಬನನ್ನು ಅದು ಬೇಡದ್ದೆಂದು ತಿಳಿದು ಗುಡಿಸಿಬಿಟ್ಟರೆ ಇಡೀ ಪ್ರೋಗ್ರಾಂ ಅಲ್ಲೇ ಸತ್ತುಹೋಗುತ್ತದೆ. ಹಾಗಾಗದಂತೆ ಅವಳು ಪ್ರತಿಯೊಂದು ಸಾಲನ್ನೂ ಹತ್ತು ಸಲ ನೋಡಿದಳು. ಲಕ್ಷ ಲಕ್ಷ ವ್ಯಕ್ತಿಗಳನ್ನು ಹುಟ್ಟಿಸಿ, ಅಳಿಸಿ, ಮತ್ತೆ ಹುಟ್ಟಿಸಿ ಪರೀಕ್ಷೆ ಮಾಡಿದಳು. ಅದು ಒಮ್ಮೆಯೂ ಬೀಳಲಿಲ್ಲ.

ಹೋಲಿಸುವ ಹೆಸರಿಗೆ ಎಷ್ಟು ಜಾಗ ಎಂದು ಬರೆಯಬೇಕಾದ ಸಾಲಿನಲ್ಲಿ ಅವಳು ಮೂವತ್ತೆರಡು ಎಂದು ಬರೆದಳು. ಮೂವತ್ತೆರಡು ಅಕ್ಷರ ಮೀರುವ ಹೆಸರು ಕಡಿಮೆ. ಆದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡಲು ಕಮಲಾಕರ ಆರಿಸಿಕೊಂಡಿದ್ದ ಹೊಸ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಕೊಂಬು ಗುಡಿಸು ಒಂದೊಂದಕ್ಕೂ ಮೂರು ಮೂರು ಜಾಗ ಬೇಕಿತ್ತು. ಇದು ಪರಿಮಳೆಗೆ ಗೊತ್ತಿಲ್ಲದ್ದಲ್ಲ. ಬೇರೆ ಕಡೆಗಳಲ್ಲಿ ಅವಳೇ ಮೂರರಿಂದ ಗುಣಿಸಿ ಬರೆದಿದ್ದಳು. ಇಲ್ಲಿ ಯಾಕೋ ಬರೆಯಲಿಲ್ಲ. ಕೊನೆಗೆ ನಾಗಿ ಕೋಂ ಸೋಮ, ಸೋಮ ಬಿನ್ ಕನ್ನ ಎಂದು ಇಪ್ಪತ್ತು ಹೆಸರು ಹಾಕಿ ನೋಡಿದಳು. ಕೋಲಸಿರ್ಸಿಯ ಮುನ್ನೂರು ಹೆಸರಿನ ಪಟ್ಟಿಯನ್ನು ಹಳೆಯದರ ಜೊತೆ ಹೋಲಿಸಿದಳು. ಎಲ್ಲ ಸರಿಯಾಗಿ ಬಂತು. ಪೂರ್ತಿ ಪಟ್ಟಿ ಹೋಲಿಸಬೇಕಿತ್ತು. ಮರುದಿನ ಸಿದ್ದಾಪುರಕ್ಕೆ ಹೋಗುವುದಿತ್ತು.

ಸಿದ್ದಾಪುರದಲ್ಲಿ ಹೊಸ ಎಂಜಿನ್ನು ಹಾಕಿದಾಗ ಪಟ್ಟಿ ಮೂವತ್ತು ಸೆಕೆಂಡಿನಲ್ಲಿ ಬಂತು. ಟ್ರಸ್ಟಿನ ಡಾಕ್ಟರ್ ಚನ್ನಯ್ಯ ಇನ್ನೊಮ್ಮೆ ತೆಗೆಸಿ ನೋಡಿದರು. ಪ್ರತಿಭಾ ಮಾತ್ರ ಫೈಲು ತೆರೆದು ಕೇಳಿದಳು:

“ಒಬ್ಬರೇ ಹೌದೋ ಅಲ್ವೋ ನೋಡೂ ನಿಯಮ ಇಲ್ಲಿತ್ತಲ್ಲ, ಅದು ಎಲ್ಲಿಗೆ ಹೋಯ್ತು?”

“ಅದು ಈಗ ಒಳಗಿದೆ” ಎಂದಳು ಪರಿಮಳಾ. “ಮೊದಲಿನ ಹಾಗೇ ಕೆಲಸ ಮಾಡ್ತದೆ.”

ಅಕ್ಟೋಬರಿನಲ್ಲಿ ಪ್ರತಿಭಾ ಫೋನು ಮಾಡಿದ್ದಳು. ಪಟ್ಟಿಯ ಕೆಳಗೆ ಬರುವ ಒಟ್ಟು ಜನರ ಸಂಖ್ಯೆ ಮೊದಲಿಗಿಂತ ಕಡಿಮೆ ಆದ ಹಾಗೆ ಕಾಣುತ್ತದೆ ಎಂದು ಹೇಳಿದಳು. ಪರಿಮಳಾ ಬೇರೆ ಕೆಲಸದಲ್ಲಿದ್ದಳು. “ಎರಡೆರಡು ಸಲ ಬರೆದದ್ದು ಈಗ ಕೂಡಿಕೊಂಡಿರ್ತದೆ, ಒಳ್ಳೇದೇ ಆಯ್ತು” ಎಂದಳು. ಪ್ರತಿಭಾ ಹೌದಿರಬಹುದು ಎಂದು ಫೋನಿಟ್ಟಳು.

ಫೆಬ್ರವರಿಯ ಮೂರನೆಯ ವಾರ, ಒಂದು ಮಧ್ಯಾಹ್ನ ಪ್ರತಿಭಾ ತಾನೇ ಶಿರಸಿಗೆ ಬಂದಳು. ಮೆಟ್ಟಿಲು ಹತ್ತಿ ಬಂದವಳು ನೀರು ಬೇಡ ಎಂದಳು, ಕುಳಿತುಕೊಳ್ಳಲೂ ಇಲ್ಲ. ಕಮಲಾಕರ ಊಟಕ್ಕೆ ಹೋಗಿದ್ದರು.

“ಹಲಸಿನಕುಳಿ ನಾಗವೇಣಕ್ಕ ತೀರ್ಕೊಂಡ್ರು ಪರಿಮಳಕ್ಕ. ಮಂಗನ ಕಾಯ್ಲೆ. ಹನ್ನೊಂದು ದಿನ ಜ್ವರ, ಕಡೆಗೆ ಮಾತು ತಪ್ತು.”

ಪರಿಮಳೆಗೆ ಹಲಸಿನಕುಳಿ ಗೊತ್ತಿರಲಿಲ್ಲ, ಆ ಹೆಂಗಸೂ ಗೊತ್ತಿರಲಿಲ್ಲ.

“ಅವ್ರಿಗೆ ಎರಡನೇ ಸೂಜಿ ಆಗಿರ್ಲಿಲ್ಲ” ಎಂದಳು ಪ್ರತಿಭಾ. “ಮಗಳ ಬಾಣಂತನಕ್ಕೆ ಅಂತ ನಂದೊಳ್ಳಿಗೆ ಹೋಗಿದ್ರಂತೆ, ಶಿಬಿರದ ದಿನ ಊರಲ್ಲಿಲ್ಲ. ವಾಪಸ್ ಬಂದ ಮೇಲೆ ನಾನು ಹೋಗಿ ಕರೀಬೇಕಿತ್ತು. ಆ ಕೇರಿಗೆ ನಾ ನವೆಂಬರಲ್ಲಿ ಎರಡು ಸಲ ಹೋಗಿದ್ದೆ. ಅವ್ರ ಮನೆ ಮುಂದಿಂದಲೇ ಹಾದು ಹೋಗಿದ್ದೆ. ನನ್ನ ಪಟ್ಟಿಲಿ ಅವ್ರ ಹೆಸರು ಇರ್ಲಿಲ್ವೋ, ಇದ್ದದ್ದನ್ನ ನಾನೇ ನೋಡ್ದೆ ಬಿಟ್ನೋ, ಎಷ್ಟು ನೆನಪು ಮಾಡ್ಕೊಂಡ್ರೂ ಆಗ್ತಾ ಇಲ್ಲ. ಆ ಕಾಗದ ಈಗಿಲ್ಲ. ನೀವು ಆ ದಿನದ ಪಟ್ಟಿ ಇನ್ನೊಮ್ಮೆ ತೆಗೆದು ಕೊಡ್ಬೇಕು.”

ಅವಳು ಫ್ಲಾಪಿಯಲ್ಲಿ ಎಲ್ಲ ದಾಖಲೆ ತಂದಿದ್ದಳು. ಪರಿಮಳಾ ಪಟ್ಟಿ ತೆಗೆದಳು. ಹಲಸಿನಕುಳಿಯಲ್ಲಿ ಎರಡನೇ ಸೂಜಿ ಆಗಬೇಕಾದವರು ಒಂಬತ್ತು ಜನ. ನಾಗವೇಣಿ ಇರಲಿಲ್ಲ.

“ನಿನ್ನ ಪಟ್ಟಿಲಿ ಇರ್ಲಿಲ್ಲ” ಎಂದಳು.

ಪ್ರತಿಭಾ ಆಗ ಕುಳಿತಳು. “ಹಂಗಾದ್ರೆ ನಾನೇ ಎಂಟ್ರಿ ಮಾಡುವಾಗ ತಪ್ಪು ಮಾಡಿದೆ. ಯಾರ್ದೋ ಸೂಜಿ ಅವ್ರ ಹೆಸರಿಗೆ ಹಾಕಿದೆ” ಎಂದಳು. ಪರಿಮಳಾ, ನೋಡಿ ಹೇಳುತ್ತೇನೆ, ಈಗಲೇ ಹಾಗೆ ಅಂದುಕೊಳ್ಳುವುದು ಬೇಡ ಎಂದಳು. ಪ್ರತಿಭಾ ನಾಲ್ಕು ಗಂಟೆಯ ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ಪರಿಮಳಾ ದಾಖಲೆಯ ಫೈಲನ್ನೇ ತೆರೆದು ಓದಿದಳು. ಅಲ್ಲಿ ತಪ್ಪೇನೂ ಇರಲಿಲ್ಲ. ಹಲಸಿನಕುಳಿಯಲ್ಲಿ ಇಬ್ಬರು ನಾಗವೇಣಿಯರು. ನಾಗವೇಣಿ ಕೋಂ ಕೆರಿಯಾ ನಾಯ್ಕ, ಸೆಪ್ಟೆಂಬರಿನಲ್ಲಿ ಒಂದು ಸೂಜಿ. ನಾಗವೇಣಿ ಕೋಂ ಮಂಜಪ್ಪ ನಾಯ್ಕ, ಸೆಪ್ಟೆಂಬರಿನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು. ಪ್ರತಿಭಾ ಎಲ್ಲವನ್ನೂ ಸರಿಯಾಗಿ ಬರೆದಿದ್ದಳು. ಆದರೆ ಆ ಊರಿನಲ್ಲಿ ಎಷ್ಟು ನಾಗವೇಣಿಯರಿದ್ದಾರೆ ಎಂದು ಎಂಜಿನ್ನನ್ನು ಕೇಳಿದರೆ ಒಬ್ಬಳು ಎಂದಿತು.

ಅವಳು ಕಾಗದದ ಮೇಲೆ ಹೆಸರನ್ನು ಬಿಡಿಸಿ ಬರೆದಳು. ನ, ದೀರ್ಘ, ಗ, ವ, ಏತ್ವ, ಣ, ಗುಡಿಸು. ಏಳು ಮೂರಲಿ ಇಪ್ಪತ್ತೊಂದು. ಒಂದು ಖಾಲಿ ಜಾಗ. ‘ಕೋಂ’ ಅನ್ನುವುದಕ್ಕೆ ಒಂಬತ್ತು. ಇನ್ನೊಂದು ಖಾಲಿ ಜಾಗ. ಅಲ್ಲಿಗೆ ಸರಿಯಾಗಿ ಮೂವತ್ತೆರಡು. ಗಂಡನ ಹೆಸರು ಶುರುವಾಗುವ ಮೊದಲೇ ಅವಳ ಕೋಡ್ ಓದುವುದನ್ನು ನಿಲ್ಲಿಸಿತ್ತು. ಮಂಜಪ್ಪನ ಹೆಂಡತಿ ಹಾಕಿಸಿಕೊಂಡ ಎರಡನೇ ಸೂಜಿ ಕೆರಿಯಾನ ಹೆಂಡತಿಯ ಹೆಸರಿಗೂ ಸೇರಿತ್ತು.

ಪರಿಮಳಾ ಇನ್ನೊಂದು ಸಲ ಎಣಿಸಿದಳು. ಮೂರನೆಯ ಸಲ ಎಣಿಸಲಿಲ್ಲ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದ್ದರೂ ಕೆಳಗಿಳಿದು ನಿಲ್ದಾಣಕ್ಕೆ ಹೋಗಿ ಕುಳಿತಳು. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ಬೆಳಿಗ್ಗೆ ಕಮಲಾಕರರ ಮುಂದೆ ಕಾಗದ ಇಟ್ಟಳು. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಓದಿದರು. ಅವರಿಗೆ ಎರಡು ಸಾಲಿನಲ್ಲೇ ತಿಳಿಯಿತು.

“ಎಷ್ಟು ಜನ ಹಿಂಗೆ ಸೇರಿಹೋಯ್ದ?” ಎಂದು ಕೇಳಿದರು.

“ನಲವತ್ತೊಂದು. ಅದ್ರಲ್ಲಿ ಎರಡನೇ ಸೂಜಿ ಆಗ್ದೇ ಇದ್ದವು ಹದಿನೇಳು. ನಾಗವೇಣಿ ಬಿಟ್ರೆ ಹದಿನಾರು.”

“ಮೊದ್ಲು ಆ ಹದಿನಾರು ಹೆಸರು ಸಿದ್ದಾಪುರಕ್ಕೆ ಕಳ್ಸು. ಕೋಡ್ ಆನು ಸರಿ ಮಾಡ್ತೆ.”

“ಕಳ್ಸಿದ್ರೆ ಸಾಕಾಗ್ತಿಲ್ಲೆ ಸರ್. ಆನು ಹೋಗಿ ಹೇಳ್ತೆ. ಪ್ರತಿಭಾ ತನ್ನದೇ ತಪ್ಪು ಅಂತ ತಿಳ್ಕಂಡಿದ್ದು.”

ಕಮಲಾಕರ ಕಿಟಕಿಯ ಹೊರಗೆ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಆ ಹೊತ್ತಿನಲ್ಲಿ ಅವರಿಗೆ ಕಂಡದ್ದನ್ನು ಹೇಳಿದರು.

“ಹೇಳಿರೆ ಎಂತಾಗ್ತು? ಹೋದವಳು ಬತ್ತಿಲ್ಲೆ. ಪಟ್ಟಿ ತಪ್ಪು ಅಂತ ಒಂದ್ಸಲ ಆತು ಅಂದ್ರೆ ಅದ್ರ ಯಾರೂ ನಂಬ್ತ್ವಿಲ್ಲೆ. ನಂಬದೇ ಇದ್ರೆ ಮನೆಮನೆಗೆ ಹೋಗದು ನಿಲ್ತು. ಆ ಪಟ್ಟಿಯಿಂದ ಎಷ್ಟು ಜನಕ್ಕೆ ಸೂಜಿ ಸಿಕ್ಕಿದ್ದು, ಅದನ್ನೂ ಲೆಕ್ಕಕ್ಕೆ ತಗ. ಎಂಟ್ರಿಲಿ ಏನೋ ಹೆಚ್ಚುಕಮ್ಮಿ ಆಯ್ದು ಅಂದ್ರೆ ಸಾಕು. ಒಳಗೆ ಎಂತ ಇದ್ದು ಅಂತ ಯಾರಿಗೂ ಕಾಣ್ತಿಲ್ಲೆ.”

“ಎಂಟ್ರಿ ಮಾಡ್ದವಳು ಪ್ರತಿಭಾ, ಸರ್” ಎಂದಳು ಪರಿಮಳಾ.

ಕಮಲಾಕರ ಮತ್ತೆ ಕಾಗದದ ಮೇಲೆ ಬಗ್ಗಿದರು. ಅವಳು ಹದಿನಾರು ಹೆಸರಿನ ಹಾಳೆ ತೆಗೆದುಕೊಂಡು ಹೊರಟಾಗಲೂ ಅವರು ತಲೆ ಎತ್ತಲಿಲ್ಲ. ಬಾಗಿಲ ಹತ್ತಿರ ಹೋದಾಗ, “ಕೋಡಿನ ನೂರಾ ಎಂಬತ್ತಾರನೇ ಸಾಲು, ಅಲ್ದ?” ಎಂದರು. ಹೌದು ಎಂದಳು.

ಟ್ರಸ್ಟಿನ ಆಫೀಸಿನಲ್ಲಿ ಡಾಕ್ಟರ್ ಚನ್ನಯ್ಯ ರೋಗಿಗಳನ್ನು ನೋಡಿ ಮುಗಿಸಿದ್ದರು. ಹಾವೇರಿಯ ಕಡೆಯವರು, ಸಿದ್ದಾಪುರಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಪ್ರತಿಭಾ ಪಕ್ಕದ ಮೇಜಿನಲ್ಲಿ ಹಳೆಯ ಫಾರ್ಮುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಳು. ತನ್ನ ತಪ್ಪನ್ನು ಹುಡುಕುತ್ತಿದ್ದಳು. ಪರಿಮಳಾ ಇಬ್ಬರ ಮುಂದೆಯೂ ನಿಂತೇ ಹೇಳಿದಳು. ಯಂತ್ರಕ್ಕೆ ಹೆಸರನ್ನು ಅರ್ಧ ಓದಲು ಹೇಳಿದವಳು ತಾನು. ಪ್ರತಿಭಾ ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅಕ್ಟೋಬರಿನಲ್ಲಿ ಅವಳು ಫೋನು ಮಾಡಿ ಕೇಳಿದಾಗ ಒಂದು ಸಲ ತೆರೆದು ನೋಡಿದ್ದರೆ ಅಂದೇ ಸಿಗುತ್ತಿತ್ತು.

“ಕೂಡ್ರಿ” ಎಂದರು ಡಾಕ್ಟರು. ಅವಳು ಕುಳಿತ ಮೇಲೆ ಹಾಳೆಯ ಹೆಸರುಗಳನ್ನು ಓದಿದರು. “ನಿಮಗ ಒಂದು ಮಾತು ಹೇಳಬೇಕ್ರಿ. ಎರಡೂ ಸೂಜಿ ಹಾಕ್ಸಿಕೊಂಡ ನಾಕು ಮಂದಿಗೆ ಈ ವರ್ಷ ಈ ಜ್ವರ ಬಂದೈತಿ. ಆ ಹೆಣ್ಮಗಳು ಉಳೀತಿದ್ಲು ಅಂತ ನಾ ಹೇಳಾಕ ಬರೂದಿಲ್ಲ. ಉಳೀತಿರ್ಲಿಲ್ಲ ಅಂತಾನೂ ಹೇಳಾಕ ಬರೂದಿಲ್ಲ. ಈಗ ಈ ಹದಿನಾರು ಮಂದಿನ ನೋಡೂಣು.”

ಪ್ರತಿಭಾ ಫಾರ್ಮುಗಳನ್ನು ಜೋಡಿಸಿ ಕಟ್ಟಿ ಕಪಾಟಿನಲ್ಲಿಟ್ಟು ಬಂದಳು. ಆಮೇಲೆ ಹಾಳೆಯನ್ನು ತೆಗೆದುಕೊಂಡು, ಯಾವ ಊರಿಗೆ ಯಾವ ಬಸ್ಸು ಎಂದು ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದಳು. ಬರೆಯುತ್ತ ಹೇಳಿದಳು:

“ನೀವು ಅವತ್ತು ಮೊದಲಿನ ಹಾಗೇ ಕೆಲಸ ಮಾಡ್ತದೆ ಅಂದ್ರಿ. ನಾನು ಮತ್ತೆ ಕೇಳ್ಲಿಲ್ಲ.”

ಪರಿಮಳಾ ಹಾಳೆಯ ಮೇಲಿನ ಮುಂದಿನ ಹೆಸರನ್ನು ಓದಿ ಹೇಳಿದಳು.

ನಾಲ್ಕು ದಿನ ಇಬ್ಬರೂ ಜೊತೆಗೇ ತಿರುಗಿದರು. ಕೆಲವು ಕಡೆ ಬಸ್ಸು ಇಳಿದು ಎರಡು ಮೂರು ಮೈಲಿ ನಡೆಯಬೇಕಿತ್ತು. ಪ್ರತಿ ಮನೆಯಲ್ಲೂ ಪರಿಮಳಾ ತಾನೇ ಮುಂದಾಗಿ, ಪಟ್ಟಿ ತಪ್ಪಾಗಿತ್ತು, ತಪ್ಪು ನಮ್ಮದು, ಡಾಕ್ಟರು ಸೂಜಿ ತರಿಸಿದ್ದಾರೆ, ತಡವಾದರೂ ಬನ್ನಿ ಎಂದು ಹೇಳಿದಳು. ಯಾರೂ ಬೈಯಲಿಲ್ಲ. ಹೆಚ್ಚಿನವರಿಗೆ ಅವಳು ಏನು ಹೇಳುತ್ತಿದ್ದಾಳೆಂದು ಅರ್ಥವಾಗಲಿಲ್ಲ, ಪ್ರತಿಭಾ ಕರೆದಳೆಂದು ಬಂದರು. ಹದಿನಾರರಲ್ಲಿ ಹದಿನಾಲ್ಕು ಜನ ಬಂದರು. ಬಾರದ ಇಬ್ಬರಲ್ಲಿ ಒಬ್ಬನಿಗೆ ಮಾರ್ಚಿನಲ್ಲಿ ಜ್ವರ ಬಂತು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಎದ್ದು ಬಂದ.

ಐದನೆಯ ದಿನ ಹಲಸಿನಕುಳಿಗೆ ಹೋದರು. ಕೆರಿಯಾ ನಾಯ್ಕ ಅರವತ್ತರ ಹತ್ತಿರದ ಮನುಷ್ಯ. ಮನೆಯ ಮುಂದೆ ಬಿದಿರು ಸೀಳಿ ಬೇಲಿಗೆ ಗೂಟ ಮಾಡುತ್ತಿದ್ದ. ಪ್ರತಿಭಾಳನ್ನು ನೋಡಿ ಕತ್ತಿ ಕೆಳಗಿಟ್ಟು, ಜಗಲಿಯ ಮೇಲೆ ಚಾಪೆ ಹಾಸಿದ. ಪರಿಮಳಾ ಇಲ್ಲಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಹೇಳಲು ಹೊರಟಾಗ ಅದೆಲ್ಲ ಬಿಟ್ಟುಹೋಯಿತು. ನಿಮ್ಮ ಹೆಂಡತಿಯ ಹೆಸರೂ ಮಂಜಪ್ಪನವರ ಹೆಂಡತಿಯ ಹೆಸರೂ ಒಂದೇ ಆದ್ದರಿಂದ ಯಂತ್ರ ಇಬ್ಬರನ್ನೂ ಒಬ್ಬರೇ ಎಂದುಕೊಂಡಿತು, ಯಂತ್ರ ಹಾಗೆ ಅಂದುಕೊಳ್ಳುವಂತೆ ಬರೆದವಳು ನಾನು, ಅದಕ್ಕಾಗಿ ಪ್ರತಿಭಾ ನಿಮ್ಮ ಮನೆಗೆ ಬರಲಿಲ್ಲ ಎಂದಳು.

ಅಂಗಳದಲ್ಲಿ ಬಿದಿರಿನ ಸೀಳುಗಳು ಬಿದ್ದಿದ್ದವು. ಕೆರಿಯಾ ಒಂದನ್ನು ಎತ್ತಿಕೊಂಡು ಅದರ ನಾರನ್ನು ಉಗುರಿನಿಂದ ತೆಗೆಯುತ್ತ ಕೇಳಿದ:

“ಮಂಜಪ್ಪನ ಮನೆಯೋಳಿಗೆ ಎರಡೂ ಸೂಜಿ ಆಗೈತಲ್ಲ? ಅವಳಿಗೇನೂ ತೊಂದ್ರಿಲ್ಲ ಅಲ್ದಾ?”

“ಆಗಿದೆ. ತೊಂದರೆ ಇಲ್ಲ.”

“ಹಂ. ಇಬ್ರೂ ಒಂದೇ ವರ್ಷ ಮದಿವಿ ಆಗಿ ಈ ಕೇರಿಗೆ ಬಂದೋರು. ಹೆಸರು ಕರದ್ರೆ ಇಬ್ರೂ ಓ ಅಂತಿದ್ರು.” ಅವನು ಸೀಳನ್ನು ಕೆಳಗಿಟ್ಟ. “ನನಗೆ ಹೇಳಿದ್ರಿ, ಆಯ್ತು. ನಂದೊಳ್ಳಿಲಿ ನನ್ನ ಮಗಳದಾಳೆ, ಲಕ್ಷ್ಮೀ. ಅವಳಿಗೆ ಹೋಗಿ ಹೇಳ್ಬೇಕು ಅಮ್ಮ. ಅವ್ವ ನನ್ನ ಬಾಣಂತನಕ್ಕೆ ಬಂದಿದ್ಕೇ ಸೂಜಿ ತಪ್ತು, ನನ್ನಿಂದ್ಲೇ ಹೋದ್ಲು ಅಂತ ಒಂದೇ ಸಮ ಹೇಳ್ತಾಳೆ. ಮಗೀಗೆ ಸಮಾ ಹಾಲು ಕೊಡೂದಿಲ್ಲ ಅಂತ ಅಳಿಯ ಹೇಳಿ ಕಳ್ಸಿದ್ದ. ನಾ ಹೇಳಿದ್ರೆ ಕೇಳೂದಿಲ್ಲ.”

ಹೊರಡುವಾಗ ಅವನು ಪ್ರತಿಭಾಳಿಗೆ ಮಾತ್ರ, “ಹೋಗಿ ಬಾ ತಂಗಿ” ಎಂದ.

ಅಷ್ಟರಲ್ಲಿ ಶಿರಸಿಯಲ್ಲಿ ಕಮಲಾಕರ ಹಳೆಯ ವರ್ಗವನ್ನು, ಹಂಬಿನಲ್ಲಿ ಬರೆದಿದ್ದನ್ನು, ಮತ್ತೆ ತಂದು ಕೂರಿಸಿದ್ದರು. ಒಳಗಿನದನ್ನೂ ತಿದ್ದಿ ಇಟ್ಟಿದ್ದರು. ಎರಡೂ ಒಟ್ಟಿಗೇ ಇರುವಂತೆ ಮಾಡಿದ್ದರು. ದಿನದ ಕೆಲಸಕ್ಕೆ ಒಳಗಿನದು. ವಾರಕ್ಕೊಮ್ಮೆ ಹೊರಗಿನದು ನಿಧಾನವಾಗಿ ಪೂರ್ತಿ ಪಟ್ಟಿ ತೆಗೆಯುತ್ತದೆ. ಎರಡರಲ್ಲಿ ಒಂದು ಹೆಸರು ಹೆಚ್ಚುಕಡಿಮೆಯಾದರೂ ಪಟ್ಟಿ ಅಚ್ಚಾಗುವುದಿಲ್ಲ. ಪರಿಮಳೆಗೆ ಅದನ್ನು ತೋರಿಸುವಾಗ ಅವರು ಆ ದಿನದ ಮಾತು ಎತ್ತಲಿಲ್ಲ. ತೋರಿಸಿ ಮುಗಿಸಿದ ಮೇಲೆ, “ಸಿದ್ದಾಪುರಕ್ಕೆ ಮುಂದಿನ ವಾರ ಆನೂ ಬತ್ತೆ. ಡಾಕ್ಟ್ರ ಹತ್ರ ಆನೂ ಮಾತಾಡವು” ಎಂದರು. ಹೋಗಿ ಮಾತಾಡಿದರು. ಟ್ರಸ್ಟು ಪಟ್ಟಿಯನ್ನು ಬಿಡಲಿಲ್ಲ. ಎರಡೂ ಪಟ್ಟಿ ಕೂಡಿ ಬರುವವರೆಗೆ ಪ್ರತಿಭಾ ಕಂಪ್ಯೂಟರಿನ ಮುಂದೆ ಕೂತೇ ಇರುತ್ತಿದ್ದಳು. ಐವತ್ತೈದು ನಿಮಿಷ.

ನಂದೊಳ್ಳಿಗೆ ಪರಿಮಳಾ ಮಾರ್ಚಿನ ಕೊನೆಯಲ್ಲಿ ಒಬ್ಬಳೇ ಹೋದಳು. ಯಲ್ಲಾಪುರದಲ್ಲಿ ಬಸ್ಸು ಬದಲಿಸಿ, ಹನ್ನೊಂದು ಗಂಟೆಯ ಹೊತ್ತಿಗೆ ಊರು ಮುಟ್ಟಿದಳು. ಲಕ್ಷ್ಮಿಯ ಮನೆ ತೋರಿಸಲು ಒಬ್ಬ ಮುದುಕಿ ಜೊತೆಗೆ ಬಂದಳು. ಲಕ್ಷ್ಮಿಯ ಗಂಡ ಗದ್ದೆಗೆ ಹೋಗಿದ್ದ. ದೊಡ್ಡ ಮಗಳು ಶಾಲೆಗೆ ಹೋಗಿತ್ತು. ಆರು ತಿಂಗಳಿಗೆ ಹತ್ತಿರವಾದ ಗಂಡುಮಗು ತೊಟ್ಟಿಲಲ್ಲಿ ಎಚ್ಚರವಾಗಿಯೇ ಮಲಗಿತ್ತು, ಅಳುತ್ತಿರಲಿಲ್ಲ. ಲಕ್ಷ್ಮಿಗೆ ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅಪ್ಪ ಕಳಿಸಿದ್ದು ಎಂದ ಮೇಲೆ ಒಳಗೆ ಕರೆದು ನೀರು ಕೊಟ್ಟಳು.

ಪರಿಮಳಾ ಹೇಳಿದಳು. ಈ ಸಲ ಅವಸರ ಮಾಡಲಿಲ್ಲ. ಲಕ್ಷ್ಮಿ ತೊಟ್ಟಿಲಿನ ಹಗ್ಗ ಹಿಡಿದುಕೊಂಡು ಕೇಳಿದಳು. ನಡುವೆ ಒಂದು ಸಲ ಮಾತ್ರ ತಡೆದಳು.

“ಅವ್ವ ಇಲ್ಲಿಂದ ನವೆಂಬರಲ್ಲೇ ಹೋಗಿತ್ತು. ಹೋದ ಮೇಲೂ ಆ ಸೂಜಿ ಸಿಗ್ತಿತ್ತಾ?”

“ಸಿಗ್ತಿತ್ತು. ಶಿಬಿರ ತಪ್ಪಿದವರಿಗೆ ಡಿಸೆಂಬರ್ ತನಕ ಹಾಕಿದ್ರು. ಪಟ್ಟಿ ಸರಿ ಇದ್ದಿದ್ರೆ ಪ್ರತಿಭಾ ಮನೆಗೇ ಬಂದು ಕರ್ಕೊಂಡು ಹೋಗ್ತಿದ್ಲು. ಹದಿನೈದು ದಿನ ತಡ ಆದದ್ದು ತಡವೇ ಅಲ್ಲ.”

“ಹಾಕ್ಸಿದ್ರೆ ಉಳೀತಿತ್ತಾ?”

“ಗೊತ್ತಿಲ್ಲ” ಎಂದಳು ಪರಿಮಳಾ. “ಡಾಕ್ಟರಿಗೂ ಗೊತ್ತಿಲ್ಲ. ಆದ್ರೆ ಸೂಜಿ ತಪ್ಪಿದ್ದು ನಿಮ್ಮಿಂದ ಅಲ್ಲ. ನನ್ನಿಂದ.”

ಲಕ್ಷ್ಮಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇತ್ತು. ಪರಿಮಳಾ ಅದಕ್ಕೆ ತಯಾರಾಗಿಯೇ ಬಂದಿದ್ದಳು, ಆದರೂ ಕಣ್ಣು ಕೆಳಗಾಯಿತು. ಲಕ್ಷ್ಮಿ ಎದ್ದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗು ಸಣ್ಣಗೆ ಕುಂಯ್‌ಗುಟ್ಟಿತು. ಪರಿಮಳಾ ತೊಟ್ಟಿಲು ತೂಗಬೇಕೋ ಬೇಡವೋ ತಿಳಿಯದೆ ಕೂತಳು.

ಲಕ್ಷ್ಮಿ ಬಂದಾಗ ಮುಖ ತೊಳೆದುಕೊಂಡಿದ್ದಳು. ಕೈಯಲ್ಲಿ ಮಗಳ ಶಾಲೆಯ ನೋಟುಪುಸ್ತಕವೂ ಪೆನ್ನೂ ಇದ್ದವು.

“ಈಗ ಹೇಳಿದ್ನೆಲ್ಲ ಬರೆದು ಕೊಡಿ” ಎಂದಳು. “ನಿಮ್ಮ ಹೆಸರೂ ಹಾಕಿ.”

“ಯಾರಿಗಾದ್ರೂ ತೋರ್ಸ್ಬೇಕಾ?”

“ಯಾರಿಗೂ ಅಲ್ಲ. ನೀವು ಹೋದ ಮೇಲೆ ನಾಲ್ಕು ದಿನಕ್ಕೆ ನಂಗೆ ಮತ್ತೆ ನಂದೇ ತಪ್ಪು ಅನ್ಸೂಕೆ ಶುರು ಆಗ್ತದೆ. ಆಗ ಓದೂಕೆ ಬೇಕು.”

ಪರಿಮಳಾ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆದಳು. ಒಂದು ಪುಟ ತುಂಬಿತು. ಕೆಳಗೆ ತನ್ನ ಪೂರ್ತಿ ಹೆಸರು, ಊರು, ತಾರೀಖು ಹಾಕಿದಳು. ಲಕ್ಷ್ಮಿ ಮಗುವನ್ನು ಎತ್ತಿಕೊಂಡು ಹಾಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು, ತುಟಿ ಆಡಿಸುತ್ತ ಓದಿದಳು. ಅರ್ಧಕ್ಕೆ ಬಂದು ನಿಲ್ಲಿಸಿದಳು.

“ಇದೊಂದು ಶಬ್ದ ತಿಳೀಲಿಲ್ಲ. ಮೂವತ್ತೆರಡು ಬೈಟ್. ಬೈಟ್ ಅಂದ್ರೆ ಎಂತ?”

ಪರಿಮಳಾ ಹೇಳಲು ಹೊರಟು, ನಿಲ್ಲಿಸಿ, ಪೆನ್ನು ತೆಗೆದುಕೊಂಡು ಆ ಶಬ್ದವನ್ನು ಹೊಡೆದುಹಾಕಿದಳು. ಮೇಲೆ, ಸ್ವಲ್ಪ ದೊಡ್ಡದಾಗಿ, ‘ಹೆಸರು ಬರೆಯಲು ನಾನು ಬಿಟ್ಟ ಜಾಗ ಸಾಕಾಗಲಿಲ್ಲ’ ಎಂದು ಬರೆದು ಪುಸ್ತಕವನ್ನು ಹಿಂದಕ್ಕೆ ಕೊಟ್ಟಳು. ಲಕ್ಷ್ಮಿ ಆ ಸಾಲನ್ನು ಇನ್ನೊಮ್ಮೆ ಓದಿ, ಮುಂದಿನ ಸಾಲಿಗೆ ಹೋದಳು.